ಒಂದೇ ಮೋಡದ ಕೆಳಗಿನ ಸಾಲಗಳು

ಮಾರ್ಚ್ ತಿಂಗಳಲ್ಲಿ ತೆಲಸಂಗ ಸೀಮೆಯ ಮೇಲೆ ಮೋಡ ಕಟ್ಟಿದರೆ ದ್ರಾಕ್ಷಿ ಬೆಳೆದವರ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಇನ್ನೂ ಕೊಯ್ಯದ ಗೊನೆಗಳಿರುತ್ತವೆ, ಶೆಡ್ಡಿನ ಬಲೆಗಳ ಮೇಲೆ ಒಣಗಲು ಹರಡಿದ ಹಣ್ಣಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಿದ್ದರೆ ಒಣದ್ರಾಕ್ಷಿಯ ಬಣ್ಣ ಕಪ್ಪಿಗೆ ತಿರುಗುತ್ತದೆ. ಬಣ್ಣ ಕೆಟ್ಟ ಮಾಲಿಗೆ ತಾಸಗಾಂವ, ಸಾಂಗ್ಲಿಯ ಲಿಲಾವಿನಲ್ಲಿ ಒಳ್ಳೆಯ ದರ ಕೂಗುವವರಿಲ್ಲ. ಅದೇ ತಿಂಗಳ 31ಕ್ಕೆ ಬ್ಯಾಂಕುಗಳ, ಸೊಸೈಟಿಗಳ ಲೆಕ್ಕದ ವರ್ಷ ಮುಗಿಯುತ್ತದೆ. ಸಾಲ ವಸೂಲಿಯ ಅಂಕಿ ಎಷ್ಟಾಯಿತು ಎಂದು ಕಾರ್ಯದರ್ಶಿ ಕೂಡಿಸುತ್ತಿರುವ ಹೊತ್ತಿಗೇ ಆ ಅಂಕಿಯನ್ನು ತೀರ್ಮಾನಿಸುವ ಮೋಡ ಊರ ಮೇಲೆ ನಿಂತಿರುತ್ತದೆ.

ಬ್ಯಾಂಕುಗಳು ಅಪಾಯವನ್ನು ಹೇಗೆ ಅಳೆಯುತ್ತವೆ, ಹೇಗೆ ಹಿಡಿತದಲ್ಲಿ ಇಡುತ್ತವೆ ಎಂಬ ವಿಷಯ ಬಂದಾಗ ನಮ್ಮ ಮನಸ್ಸು ಮುಂಬೈ, ನ್ಯೂಯಾರ್ಕ್ ಕಡೆಗೆ ಹೋಗುತ್ತದೆ. ಅದನ್ನು ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಪೂರ್ವ ಭಾಗದ ಈ ಒಣ ಸೀಮೆಯಿಂದ ನೋಡುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಒಂದೇ ಮನೆಗೆ ನಾಲ್ಕೈದು ಕಡೆಯಿಂದ ಸಾಲ ಬಂದಿರುತ್ತದೆ. ಪಿಕೆಪಿಎಸ್‌ನ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ) ಬೆಳೆಸಾಲ, ಪತ್ತಿನ ಸೌಹಾರ್ದ ಸಹಕಾರಿಯ ಸಾಲ, ಬಂಗಾರ ಇಟ್ಟು ತಂದ ಸಾಲ, ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಗುಂಪಿನ ಸಾಲ, ಜೊತೆಗೆ ಔಷಧ ಅಂಗಡಿಯ ಉದ್ರಿ. ಕಾಗದಪತ್ರಗಳಲ್ಲಿ ಇವು ಐದು ಬೇರೆ ಬೇರೆ ಸಾಲಗಳು, ಐದು ಬೇರೆ ಸಂಸ್ಥೆಗಳ ಆಸ್ತಿ. ತೀರಬೇಕಾದದ್ದು ಮಾತ್ರ ಒಂದೇ ಪಡದ ಒಂದೇ ಫಸಲಿನಿಂದ.

ಸಾಲ ಕೊಟ್ಟವರು ಅಪಾಯ ಅಳೆಯುವಾಗ ಮೂರು ಪ್ರಶ್ನೆ ಕೇಳುತ್ತಾರೆ. ಈ ಮನುಷ್ಯ ಸುಸ್ತಿಯಾಗುವ ಸಂಭವ ನೂರಕ್ಕೆ ಎಷ್ಟು? ಸುಸ್ತಿಯಾದ ದಿನ ಅವನ ಮೇಲೆ ಎಷ್ಟು ಬಾಕಿ ಇರುತ್ತದೆ? ಅದರಲ್ಲಿ ಜಾಮೀನು, ಅಡಮಾನ ಎಲ್ಲ ಹಿಡಿದ ಮೇಲೂ ಕೈಬಿಟ್ಟು ಹೋಗುವ ಪಾಲು ಎಷ್ಟು? ಮೂರನ್ನೂ ಗುಣಿಸಿದರೆ ಬರುವುದು ಸರಾಸರಿ ನಷ್ಟ. ಅದು ವ್ಯಾಪಾರದ ಖರ್ಚಿದ್ದಂತೆ. ಬಡ್ಡಿಯ ಆದಾಯದಿಂದ ಅದನ್ನು ತುಂಬಿಕೊಳ್ಳಬೇಕು. ಸರಾಸರಿಯನ್ನು ಮೀರಿ ಬರುವ ನಷ್ಟಕ್ಕೆ ಬೇಕಾದದ್ದು ಸ್ವಂತ ಬಂಡವಾಳ. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕು ಮುಚ್ಚಿ, ಅದರೊಡನೆ ವಿದೇಶಿ ಹಣದ ವಹಿವಾಟು ನಡೆಸಿದ್ದ ಬೇರೆ ದೇಶಗಳ ಬ್ಯಾಂಕುಗಳೂ ಪೆಟ್ಟು ತಿಂದವು. ಅದಾದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬ್ಯಾಂಕ್ ಮೇಲ್ವಿಚಾರಕರ ಸಮಿತಿ ಹುಟ್ಟಿತು. ಅಪಾಯಕ್ಕೆ ತಕ್ಕಂತೆ ತೂಕ ಹಾಕಿದ ಸಾಲದ ಮೇಲೆ ನೂರಕ್ಕೆ ಕನಿಷ್ಠ 8ರಷ್ಟು ಬಂಡವಾಳ ಇರಲೇಬೇಕು ಎಂದು ಆ ಸಮಿತಿ 1988ರಲ್ಲಿ ಹೇಳಿತು. ನಮ್ಮ ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ 9 ಎಂದು ಇಟ್ಟಿದೆ.

ಈ 9ರ ಬಲ ಎಷ್ಟು ಎಂಬುದನ್ನು ಒಂದು ಲೆಕ್ಕ ಹಾಕಿ ನೋಡೋಣ. ತೆಲಸಂಗದಂಥ ಊರಲ್ಲಿ ಒಂದು ಸೊಸೈಟಿ ಇದೆ ಎಂದು ಇಟ್ಟುಕೊಳ್ಳಿ. ನೂರು ಜನ ಸಾಲಗಾರರು, ಒಬ್ಬೊಬ್ಬರಿಗೆ 2 ಲಕ್ಷ, ಒಟ್ಟು 2 ಕೋಟಿ. ಸೊಸೈಟಿಯ ಸ್ವಂತ ಬಂಡವಾಳ ನೂರಕ್ಕೆ 9ರಂತೆ 18 ಲಕ್ಷ. ಉಳಿದದ್ದೆಲ್ಲ ಜನರ ಠೇವಣಿ. ವರ್ಷಕ್ಕೆ ನೂರರಲ್ಲಿ ಸರಾಸರಿ ಐವರು ಸುಸ್ತಿಯಾಗುತ್ತಾರೆ, ಸುಸ್ತಿಯಾದವರಿಂದ ಅರ್ಧ ಹಣ ವಾಪಸು ಬರುತ್ತದೆ. ಅಂದರೆ ಒಬ್ಬ ಸುಸ್ತಿದಾರನಿಂದ ಆಗುವ ನಷ್ಟ 1 ಲಕ್ಷ. ಒಬ್ಬನ ಕಷ್ಟಕ್ಕೂ ಇನ್ನೊಬ್ಬನ ಕಷ್ಟಕ್ಕೂ ಸಂಬಂಧ ಇಲ್ಲದಿದ್ದರೆ ಈ ಸೊಸೈಟಿ ಗಟ್ಟಿ. ಒಬ್ಬನ ಮನೆಯಲ್ಲಿ ಕಾಯಿಲೆ, ಇನ್ನೊಬ್ಬನ ಬೋರ್‌ವೆಲ್ ಬತ್ತಿತು, ಮತ್ತೊಬ್ಬನದು ಅಣ್ಣತಮ್ಮಂದಿರ ಪಾಲಿನ ಜಗಳ ಎಂಬಂತೆ ಕಾರಣಗಳು ಬೇರೆ ಬೇರೆಯಾಗಿದ್ದರೆ, ಒಂದೇ ವರ್ಷ 13 ಅಥವಾ ಅದಕ್ಕಿಂತ ಹೆಚ್ಚು ಜನ ಸುಸ್ತಿಯಾಗುವುದು ಸಾವಿರ ವರ್ಷಕ್ಕೆ ಒಂದೆರಡು ಸಲ ಅಷ್ಟೇ. ಬಂಡವಾಳವನ್ನು ಪೂರ್ತಿ ನುಂಗಲು 18 ಜನ ಸುಸ್ತಿಯಾಗಬೇಕು. 18ನ್ನು ದಾಟುವುದು ಲಕ್ಷ ವರ್ಷಕ್ಕೊಮ್ಮೆಯೂ ಆಗದ ಮಾತು.

ಈಗ ಸರಾಸರಿಯನ್ನು ಹಾಗೇ ಇಟ್ಟು ಒಂದೇ ಒಂದು ಬದಲಾವಣೆ ಮಾಡೋಣ. ಹತ್ತು ವರ್ಷದಲ್ಲಿ ಒಂಬತ್ತು ಒಳ್ಳೆಯ ವರ್ಷ, ಆಗ ಸುಸ್ತಿಯಾಗುವವರು ಇಬ್ಬರೇ. ಒಂದು ವರ್ಷ ಮಳೆ ಕೈಕೊಡುತ್ತದೆ ಅಥವಾ ಬೇಡದಾಗ ಸುರಿಯುತ್ತದೆ, ಆ ವರ್ಷ 32 ಜನ ಸುಸ್ತಿ. ಒಂಬತ್ತು ವರ್ಷಕ್ಕೆ ಇಬ್ಬಿಬ್ಬರು, ಒಂದು ವರ್ಷಕ್ಕೆ 32, ಒಟ್ಟು 50. ವರ್ಷದ ಸರಾಸರಿ ಮತ್ತೆ ಅದೇ 5. ಸರಾಸರಿ ನೋಡಿ ತೃಪ್ತಿಪಡುವ ಲೆಕ್ಕಪರಿಶೋಧಕರಿಗೆ ಎರಡೂ ಸೊಸೈಟಿಗಳು ಒಂದೇ ತರಹ ಕಾಣುತ್ತವೆ. ಆದರೆ ಕೆಟ್ಟ ವರ್ಷದಲ್ಲಿ ನಷ್ಟ 32 ಲಕ್ಷ, ಬಂಡವಾಳ 18 ಲಕ್ಷ. ಉಳಿದ 14 ಲಕ್ಷ ಠೇವಣಿದಾರರ ಗಂಟಿನಿಂದ ಹೋಗುತ್ತದೆ. ಲಕ್ಷ ವರ್ಷಕ್ಕೊಮ್ಮೆಯೂ ಆಗದು ಎಂದದ್ದು ಹತ್ತು ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬರುತ್ತದೆ.

ಊರಿನ ಸಾಲಸಂಸ್ಥೆಗಳ ಅಪಾಯವೆಲ್ಲ ಈ ಲೆಕ್ಕದಲ್ಲಿದೆ. ಸಾಲಗಾರ ಒಬ್ಬೊಬ್ಬನೂ ಎಷ್ಟು ನಂಬಿಗಸ್ತ ಎಂದು ಅಳೆಯುವುದರಲ್ಲಿ ನಮ್ಮ ಸೊಸೈಟಿಗಳು ಪಟ್ಟಣದ ಯಾವ ಬ್ಯಾಂಕಿಗೂ ಕಡಿಮೆಯಲ್ಲ. ಅವರೆಲ್ಲ ಒಟ್ಟಿಗೆ ಬೀಳುವ ಸಂಭವವನ್ನು ಮಾತ್ರ ಯಾರೂ ಅಳೆಯುತ್ತಿಲ್ಲ.

ಮನುಷ್ಯನನ್ನು ಬಲ್ಲವರೇ ಸಾಲ ಕೊಡಬೇಕು ಎಂಬ ತತ್ವಕ್ಕೆ ನಮ್ಮ ಭಾಗದಲ್ಲಿ ದೊಡ್ಡ ಇತಿಹಾಸವಿದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾಯಿತು. ಆ ಕಾಯ್ದೆ ಹಳ್ಳಿಯ ಸಂಘಗಳಿಗೆ ಜರ್ಮನಿಯ ರೈಫೈಸನ್ ಪದ್ಧತಿಯನ್ನು ತಂದಿತ್ತು. ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಉಳಿದವರ ಹೊಲಮನೆಯೂ ಅದಕ್ಕೆ ಹೊಣೆ. ಅಷ್ಟು ದೊಡ್ಡ ಹೊಣೆ ಹೊತ್ತವರು ಪಕ್ಕದವನ ಮೇಲೆ ಕಣ್ಣಿಡದೆ ಇರುತ್ತಾರೆಯೇ? ಯಾರು ಸಾಲದ ಹಣದಲ್ಲಿ ಎತ್ತು ತಂದರು, ಯಾರು ಮದುವೆಗೆ ಖರ್ಚು ಮಾಡಿದರು ಎಂಬುದು ಊರಿಗೇ ಗೊತ್ತು. ಇಂದು ಕಂಪ್ಯೂಟರ್ ಕೊಡುವ ಮೂರಂಕಿಯ ಸ್ಕೋರಿಗಿಂತ ಆ ತಿಳಿವಳಿಕೆ ಎಷ್ಟೋ ಪಾಲು ಮೇಲು ಎಂದು ನಾನು ಈಗಲೂ ನಂಬುತ್ತೇನೆ. ಆ ಸಂಘಗಳಿಗೂ ದಾಟಲಾಗದ ಮಿತಿಯೊಂದಿತ್ತು. ಹೊಣೆ ಹೊತ್ತವರೂ ಸಾಲ ಪಡೆದವರೂ ಒಂದೇ ಊರಿನವರು, ಒಂದೇ ಮಳೆ ನಂಬಿದವರು. 1876–78ರ ಬರದಂಥದು ಬಂದರೆ ಜಾಮೀನು ನಿಂತವನೂ ಸಾಲಗಾರನ ಪಕ್ಕದಲ್ಲೇ ನಿಲ್ಲುತ್ತಿದ್ದ. ಆ ಬರದ ನಂತರ ಮುಂಬಯಿ ಪ್ರಾಂತದ ನಮ್ಮ ಜಿಲ್ಲೆಗಳಲ್ಲಿ ಸರ್ಕಾರ 1883 ಮತ್ತು 1884ರ ಕಾಯ್ದೆಗಳ ಕೆಳಗೆ ತಗಾವಿ ಸಾಲ ಕೊಟ್ಟಿತು. ಊರಿಗೆ ಊರೇ ಬಿದ್ದಾಗ ಎತ್ತುವ ಕೈ ಊರ ಹೊರಗಿನಿಂದಲೇ ಬರಬೇಕು.

ಗುಂಪಿನ ಸಾಲಕ್ಕೂ ಇದೇ ಮಾತು. ಹತ್ತು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಜಾಮೀನು. ಆದರೆ ಹತ್ತೂ ಜನ ಕೂಲಿಗೆ ಹೋಗುವುದು ಅದೇ ಪಡಗಳಿಗೆ, ಚಾಟ್ನಿಗೆ (ಬಳ್ಳಿ ಸವರುವ ಕೆಲಸಕ್ಕೆ), ಕೊಯ್ಲಿಗೆ, ಶೆಡ್ಡಿನ ಕೆಲಸಕ್ಕೆ. ಹಣ್ಣು ಕೆಟ್ಟರೆ ಹತ್ತು ಜನರ ಕೂಲಿಯೂ ನಿಲ್ಲುತ್ತದೆ. ಮನೆಯೊಂದರ ಎಲ್ಲ ಸಾಲದ ಕಂತುಗಳು ಆದಾಯದ ಅರ್ಧವನ್ನು ಮೀರಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸ್ ಸಂಸ್ಥೆಗಳಿಗೆ ನಿಯಮ ಮಾಡಿತು. ಆದರೆ ಯಾವ ವರ್ಷದ ಆದಾಯದ ಅರ್ಧ? ಒಳ್ಳೆಯ ವರ್ಷದ್ದೋ, ಕೆಟ್ಟ ವರ್ಷದ್ದೋ? ವಸೂಲಿಯ ಕಿರುಕುಳ ರಾಜ್ಯದ ಹಲವು ಕಡೆ ಮಿತಿಮೀರಿ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅಳತೆ ತಪ್ಪಿದಾಗ ಅದರ ಭಾರವನ್ನು ಸಾಲ ಕೊಟ್ಟವರು ಬಡವರ ಅಂಗಳಕ್ಕೆ ತಂದು ಇಳಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ದೊಡ್ಡ ಬ್ಯಾಂಕುಗಳು ಜಾಣತನದಿಂದ ಒಟ್ಟಿಗೆ ಬೀಳುವ ಈ ಅಪಾಯವನ್ನು ದಾಟಿವೆ ಎಂದುಕೊಳ್ಳಬೇಕಿಲ್ಲ. 1994ರಲ್ಲಿ ಅಮೆರಿಕದ ಜೆ.ಪಿ. ಮಾರ್ಗನ್ ಬ್ಯಾಂಕು ತಾನು ಬಳಸುತ್ತಿದ್ದ ಅಪಾಯದ ಅಳತೆಯ ವಿಧಾನವನ್ನು ಜಗತ್ತಿಗೆ ತೆರೆದಿಟ್ಟಿತು. ವ್ಯಾಲ್ಯೂ ಅಟ್ ರಿಸ್ಕ್ ಎಂದು ಅದರ ಹೆಸರು. ಇಡೀ ಬ್ಯಾಂಕಿನ ಅಪಾಯವನ್ನು ಒಂದೇ ಅಂಕಿಯಲ್ಲಿ ಹೇಳುವ ವಿಧಾನ ಅದು: ಉದಾಹರಣೆಗೆ, ನೂರು ದಿನಗಳಲ್ಲಿ 99 ದಿನ ನಮ್ಮ ನಷ್ಟ ಇಷ್ಟನ್ನು ಮೀರುವುದಿಲ್ಲ. ನೂರನೆಯ ದಿನ ಎಷ್ಟು ಹೋಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. 1998ರಲ್ಲಿ ಎಲ್‌ಟಿಸಿಎಂ ಎಂಬ ಹೂಡಿಕೆ ಸಂಸ್ಥೆ ಮುಳುಗುವ ಹಂತಕ್ಕೆ ಬಂತು. ಅದರ ಪಾಲುದಾರರಲ್ಲಿ ಇಬ್ಬರು ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಸಂಬಂಧವಿಲ್ಲ ಎಂದು ಅವರು ಲೆಕ್ಕ ಹಾಕಿದ್ದ ಹೂಡಿಕೆಗಳು ರಷ್ಯಾದ ಬಿಕ್ಕಟ್ಟಿನಲ್ಲಿ ಒಟ್ಟಿಗೆ ಕುಸಿದವು. ಅದನ್ನು ಹಿಡಿದು ನಿಲ್ಲಿಸಲು 14 ಹಣಕಾಸು ಸಂಸ್ಥೆಗಳು ಸುಮಾರು 360 ಕೋಟಿ ಡಾಲರ್ ಹಾಕಿದವು. 2008ರಲ್ಲಿ ಅಮೆರಿಕದ ಗೃಹಸಾಲಗಳದ್ದೂ ಅದೇ ಕತೆ. ಬೇರೆ ಬೇರೆ ರಾಜ್ಯಗಳ ಸಾಲಗಳನ್ನು ಒಂದು ಕಟ್ಟು ಮಾಡಿದರೆ ಒಟ್ಟಿಗೆ ಕೆಡುವುದಿಲ್ಲ ಎಂದು ನಂಬಿದ್ದರು. ದೇಶದ ತುಂಬ ಮನೆಗಳ ಬೆಲೆ ಒಟ್ಟಿಗೆ ಇಳಿದಾಗ ಆ ಕಟ್ಟುಗಳಿಗೆ ಕೊಟ್ಟಿದ್ದ ಮೇಲ್ದರ್ಜೆಯ ಮೊಹರು ಪ್ರಯೋಜನಕ್ಕೆ ಬರಲಿಲ್ಲ.

ತೆಲಸಂಗಕ್ಕೇ ಬರೋಣ. ಅಳತೆ ಕೈಕೊಡುವುದಕ್ಕೆ ಇಲ್ಲಿ ಇನ್ನೊಂದು ಕಾರಣವಿದೆ. ಸಾಲ ಕೆಟ್ಟಿದೆ ಎಂದು ಬರೆಯಲು ಸಾಮಾನ್ಯ ಸಾಲಕ್ಕೆ 90 ದಿನದ ಗಡುವು. ಬೆಳೆಸಾಲಕ್ಕೆ ಲೆಕ್ಕ ಬೇರೆ. ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ವರ್ಷ ಮೀರುವ ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದ ಮೇಲೆಯೇ ಅದು ಎನ್‌ಪಿಎ. ಹೊಲದ ಕಾಲಕ್ಕೆ ತಕ್ಕ ನ್ಯಾಯವಾದ ನಿಯಮ ಇದು. ಆದರೆ ಬಡ್ಡಿ ರಿಯಾಯಿತಿಯ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಲೇಬೇಕು. ಇಲ್ಲವಾದರೆ ಶೂನ್ಯ ಬಡ್ಡಿಯ ಲಾಭ ತಪ್ಪುತ್ತದೆ. ಕರ್ನಾಟಕದಲ್ಲಿ ಈ ಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದ ಮೇಲೆ ಗಡುವಿನ ಬಿಸಿಯೂ ಏರಿದೆ. ಮಾಲು ಇನ್ನೂ ಶೆಡ್ಡಿನಲ್ಲಿರುವಾಗ ಕಟ್ಟಲು ಹಣ ಎಲ್ಲಿಂದ ಬರಬೇಕು? ನಾಲ್ಕು ದಿನದ ಮಟ್ಟಿಗೆ ಎಂದು ಕೈಗಡ ತರುತ್ತಾರೆ, ಸೊಸೈಟಿಗೆ ಕಟ್ಟುತ್ತಾರೆ, ಹೊಸ ಸಾಲ ಮಂಜೂರಾದ ಕೂಡಲೇ ಆ ಹಣವನ್ನು ಬಡ್ಡಿ ಸಮೇತ ಕೈಗಡದವರಿಗೆ ಮುಟ್ಟಿಸುತ್ತಾರೆ. ಹಳ್ಳಿಯಲ್ಲಿ ಹುಟ್ಟಿದವರಿಗೆ ಇದು ಹೊಸ ಸಂಗತಿಯಲ್ಲ. ಸೊಸೈಟಿಯ ವರದಿಯಲ್ಲಿ ಇದೆಲ್ಲ ನೂರಕ್ಕೆ ನೂರು ವಸೂಲಿ ಎಂದು ಬರುತ್ತದೆ. ಆ ಅಂಕಿ ರೈತನ ಶಕ್ತಿಯನ್ನು ಹೇಳುತ್ತಿಲ್ಲ. ಅವನಿಗೆ ನಾಲ್ಕು ದಿನ ಹಣ ಕೊಡುವವರು ಇನ್ನೂ ಇದ್ದಾರೆ ಎಂದಷ್ಟೇ ಹೇಳುತ್ತಿದೆ. ಯಾವ ವರ್ಷ ಕೈಗಡ ಕೊಡುವವರೂ ಹಿಂದೆ ಸರಿಯುತ್ತಾರೋ ಆ ವರ್ಷ ವಸೂಲಿ ಮೆಟ್ಟಿಲು ಇಳಿದಂತೆ ಇಳಿಯುವುದಿಲ್ಲ, ಒಮ್ಮೆಗೇ ಬೀಳುತ್ತದೆ.

ಅಡಮಾನದ ವಿಷಯವನ್ನೂ ಈ ಕಣ್ಣಿನಿಂದಲೇ ನೋಡಬೇಕು. ಉತಾರದ (ಪಹಣಿಯ) ಮೇಲೆ ಬೋಜಾ (ಸಾಲದ ಭಾರ) ಏರಿಸಿಕೊಂಡು ಸಾಲ ಕೊಟ್ಟರೆ ಭದ್ರ ಎಂದು ನಾವು ಭಾವಿಸುತ್ತೇವೆ. ಒಬ್ಬನ ಹೊಲ ಮಾರಾಟಕ್ಕೆ ಬಂದರೆ ಬೆಲೆ ಇದೆ, ಕೆಟ್ಟ ವರ್ಷ ಮೂವತ್ತು ಹೊಲ ಮಾರಾಟಕ್ಕೆ ಬಂದರೆ ಕೊಳ್ಳುವವರೇ ಇಲ್ಲ. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಒಣದ್ರಾಕ್ಷಿಯ ರಸೀದಿಯ ಮೇಲೆ ಕೊಟ್ಟ ಸಾಲವೂ ಹಾಗೆಯೇ. ಎಲ್ಲರ ಮಾಲು ಒಟ್ಟಿಗೆ ಬಂದ ವರ್ಷ, ಅಫ್ಘಾನಿಸ್ತಾನದ ಮಾಲೂ ಪೇಟೆಗೆ ನುಗ್ಗಿದ ವರ್ಷ ದರ ಇಳಿಯುತ್ತದೆ; ಸಾಲಗಾರನ ಶಕ್ತಿ ಕುಗ್ಗಿದ ದಿನವೇ ಅವನು ಇಟ್ಟ ಒತ್ತೆಯ ಬೆಲೆಯೂ ಕುಗ್ಗಿರುತ್ತದೆ. ಬಂಗಾರ ಮಾತ್ರ ಬೇರೆ. ತೆಲಸಂಗದಲ್ಲಿ ಮಳೆ ಬಂದರೂ ಬಾರದಿದ್ದರೂ ಅದರ ದರವನ್ನು ತೀರ್ಮಾನಿಸುವುದು ಜಗತ್ತಿನ ಪೇಟೆ. ಬಂಗಾರದ ಸಾಲ ಬೇಗ ಸಿಗುವುದಕ್ಕೆ, ಕಡಿಮೆ ಬಡ್ಡಿಗೆ ಸಿಗುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಬಂಗಾರದ ದರವೂ ಇಳಿಯಬಹುದು ಎಂದೇ ಪೂರ್ಣ ಬೆಲೆಗೆ ಸಾಲ ಕೊಡುವುದಿಲ್ಲ. ಬಹುಕಾಲ ನೂರಕ್ಕೆ 75 ಎಂಬ ಮಿತಿ ಇತ್ತು. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ 85, ಐದು ಲಕ್ಷದವರೆಗೆ 80, ಅದರ ಮೇಲೆ 75 ಎಂದು ಹೊಸ ನಿಯಮ ಪ್ರಕಟಿಸಿತು. ನಡುವೆ ಬಿಟ್ಟ 15, 20, 25 ರೂಪಾಯಿಗಳೇ ದರದ ಏರಿಳಿತಕ್ಕೆ ಸಾಲ ಕೊಟ್ಟವರು ಕಟ್ಟಿಕೊಂಡ ಒಡ್ಡು.

ಒಳಗೆ ಹಣವಿದ್ದೂ ಸಂಸ್ಥೆ ಮುಗ್ಗರಿಸುವ ದಾರಿ ಇನ್ನೊಂದಿದೆ. ಪಿಗ್ಮಿ ಹಣ ದಿನವೂ ಬರುತ್ತದೆ, ಕೇಳಿದಾಗ ಕೊಡಬೇಕು. ಪಡ ಹಾಕಲು ಕೊಟ್ಟ ಸಾಲ ವಾಪಸಾಗಲು ವರ್ಷಗಳು ಬೇಕು. ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಊರಿನವರೆಲ್ಲ ಠೇವಣಿ ಬಿಡಿಸಲು ಬರುತ್ತಾರೆ, ಅದೇ ವಾರ ಹೊಸ ಸಾಲಕ್ಕೂ ಬರುತ್ತಾರೆ. ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ 2023ರ ಮಾರ್ಚ್ 9ರ ಒಂದೇ ದಿನ ಸುಮಾರು 4,200 ಕೋಟಿ ಡಾಲರ್ ಹೊರಗೆ ಹೋಯಿತು. ಅಲ್ಲಿನ ಠೇವಣಿದಾರರಲ್ಲಿ ಬಹುಪಾಲು ಒಂದೇ ಉದ್ಯಮದವರು, ಒಬ್ಬರ ಮಾತು ಒಬ್ಬರಿಗೆ ಕೂಡಲೇ ತಲುಪುವಷ್ಟು ಹತ್ತಿರದವರು. ನಮ್ಮ ಊರಿನ ಕಟ್ಟೆಯ ಮೇಲೆ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು?

ಮೋಡದ ಅಪಾಯವನ್ನು ಹೊರಗಿನವರ ಮೇಲೆ ಹಾಕುವ ನೇರ ದಾರಿ ವಿಮೆ. ದ್ರಾಕ್ಷಿಯಂಥ ತೋಟದ ಬೆಳೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ನೂರಕ್ಕೆ 5ರಷ್ಟು, ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೊಡುತ್ತವೆ. ಪರಿಹಾರ ನಿಂತಿರುವುದು ಹೊಲದಲ್ಲಿ ಎಷ್ಟು ಹಾನಿಯಾಯಿತು ಎಂಬುದರ ಮೇಲಲ್ಲ. ಆ ಭಾಗಕ್ಕೆ ಗೊತ್ತುಮಾಡಿದ ಹವಾಮಾನ ಕೇಂದ್ರದಲ್ಲಿ ಎಷ್ಟು ಮಳೆ, ಎಷ್ಟು ಉಷ್ಣತೆ, ಎಷ್ಟು ತೇವಾಂಶ ದಾಖಲಾಯಿತು ಎಂಬುದರ ಮೇಲೆ. ಹೊಲಹೊಲಕ್ಕೆ ಹೋಗಿ ಪಂಚನಾಮೆ ಮಾಡುವ ತಾಪತ್ರಯ ಇಲ್ಲ, ಹಣ ನೇರ ಖಾತೆಗೆ ಬರುತ್ತದೆ. ಆದರೆ ಮಳೆಮಾಪಕ ಇದ್ದಲ್ಲಿ ಹನಿ ಬೀಳದೆ ಮೂರು ಕಿಲೋಮೀಟರ್ ಆಚೆಯ ಪಡದ ಮೇಲೆ ಆಲಿಕಲ್ಲು ಸುರಿದರೆ? ಯಂತ್ರಕ್ಕೂ ಹೊಲಕ್ಕೂ ನಡುವಿನ ಈ ಅಂತರವೇ ವಿಮೆಯೊಳಗೆ ಉಳಿದುಬಿಡುವ ಅಪಾಯ. ಅಳತೆಯ ಕೇಂದ್ರಗಳು ಹೊಲಕ್ಕೆ ಇನ್ನಷ್ಟು ಹತ್ತಿರ ಬರಬೇಕು ಎಂಬ ಬೇಡಿಕೆಗೆ ಬೆಳೆಗಾರರ ಜೊತೆ ಸೊಸೈಟಿಗಳೂ ದನಿ ಸೇರಿಸಬೇಕು. ಆ ಅಂತರ ಕಡಿಮೆಯಾದಷ್ಟೂ ಭದ್ರವಾಗುವುದು ಅವುಗಳದೇ ಸಾಲ.

ಎರಡನೆಯ ದಾರಿ ಹಂಚಿಕೆ. ಪಿಕೆಪಿಎಸ್ ಮೇಲೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್, ಅದರ ಮೇಲೆ ಅಪೆಕ್ಸ್ ಬ್ಯಾಂಕ್, ಹಿಂದೆ ನಬಾರ್ಡ್ ಎಂಬ ಅಂತಸ್ತುಗಳನ್ನು ಹಿರಿಯರು ಕಟ್ಟಿದ್ದೇ ಊರಿನ ಅಪಾಯ ಊರಲ್ಲೇ ಕೊಳೆಯಬಾರದು ಎಂದು. ಅಥಣಿ ತಾಲ್ಲೂಕನ್ನೇ ನೋಡಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಭಾಗದ ನದಿದಂಡೆಯ ಊರುಗಳನ್ನು, ಕಬ್ಬಿನ ಗದ್ದೆಗಳನ್ನು ಮುಳುಗಿಸಿತು. ನದಿಯಿಂದ ದೂರದ ತೆಲಸಂಗ ಸೀಮೆಗೆ ಆ ಪ್ರವಾಹದ ಭಯವಿಲ್ಲ, ಅದರ ಭಯ ಬರದ್ದು. ನದಿದಂಡೆಯ ಊರಿನ ಅಪಾಯ ಹುಟ್ಟುವುದು ಮಹಾರಾಷ್ಟ್ರದ ಘಟ್ಟದ ಮಳೆಯಲ್ಲಿ, ತೆಲಸಂಗದ ಅಪಾಯ ಹುಟ್ಟುವುದು ಇಲ್ಲಿಯ ಮಳೆಯಲ್ಲಿ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಿಡಿಯುವ ಸಂಸ್ಥೆ ಒಂದನ್ನೇ ಹಿಡಿದ ಸಂಸ್ಥೆಗಿಂತ ಗಟ್ಟಿ. ಆದರೆ ನದಿಯ ಕಡೆ ಇನ್ನೊಂದು ಆಕಾಶ ಇದೆ, ಅದು ಸಕ್ಕರೆ ಕಾರ್ಖಾನೆ. ಕಬ್ಬು ಪೂರೈಸಿದ 14 ದಿನದೊಳಗೆ ಬಿಲ್ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾರ್ಖಾನೆಯೊಂದು ತಿಂಗಳುಗಟ್ಟಲೆ ತಡ ಮಾಡಿದರೆ ಅದಕ್ಕೆ ಕಬ್ಬು ಕಳಿಸಿದ ಸಾವಿರಾರು ರೈತರು ಒಂದೇ ದಿನ ಸುಸ್ತಿದಾರರಾಗುತ್ತಾರೆ. ಅದೇ ಬ್ಯಾಂಕು ಕಾರ್ಖಾನೆಗೂ ಸಾಲ ಕೊಟ್ಟಿದ್ದರೆ ಪೆಟ್ಟು ಎರಡು ಕಡೆಯಿಂದ.

ಒಬ್ಬರಿಗೇ ಅತಿಯಾಗಿ ಸಾಲ ಕೊಡುವುದು ಎಂಥ ಅನಾಹುತ ಎಂಬುದನ್ನು ಮುಂಬೈಯ ಪಿಎಂಸಿ ಬ್ಯಾಂಕು ತೋರಿಸಿತು. ಅದರ ಒಟ್ಟು ಸಾಲದ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಒಂದೇ ಗೃಹನಿರ್ಮಾಣ ಸಮೂಹದ ಕೈಯಲ್ಲಿತ್ತು. ಅದನ್ನು ಮುಚ್ಚಿಡಲು 21 ಸಾವಿರಕ್ಕೂ ಹೆಚ್ಚು ಸುಳ್ಳು ಖಾತೆಗಳನ್ನು ತೋರಿಸಿದ್ದರು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿದ್ದಾಗ ಜನ ತಮ್ಮದೇ ಹಣದಲ್ಲಿ ಮೊದಲಿಗೆ ತೆಗೆಯಲು ಸಿಕ್ಕಿದ್ದು 1,000 ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಸರದಿ. ಅಲ್ಲಿ ಮಿತಿ 35,000. ನಿವೃತ್ತಿಯ ಗಂಟನ್ನು ಇಟ್ಟಿದ್ದ ಹಿರಿಯರು ರಸ್ತೆಯಲ್ಲಿ ನಿಂತು ಅತ್ತದ್ದನ್ನು ರಾಜ್ಯ ಕಂಡಿತು. ಇದೇ ಕಾಲದಲ್ಲಿ, 2020ರ ಫೆಬ್ರುವರಿ 4ರಿಂದ, ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿ, ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ 90 ದಿನದೊಳಗೆ ಆ ಹಣ ಜನರಿಗೆ ಸಿಗಬೇಕು ಎಂದಿತು. ಪಕ್ಕದ ವಿಜಯಪುರದ ಡೆಕ್ಕನ್ ಅರ್ಬನ್ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ 2021ರ ಫೆಬ್ರುವರಿಯಲ್ಲಿ 1,000 ರೂಪಾಯಿಯ ಮಿತಿ ಬಿದ್ದು, 2022ರ ಆಗಸ್ಟಿನಲ್ಲಿ ಪರವಾನಗಿಯೇ ರದ್ದಾಯಿತು. ಅಲ್ಲಿನ ಠೇವಣಿದಾರರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಜನರ ಹಣ ಪೂರ್ತಿಯಾಗಿ ವಿಮೆಯೊಳಗಿತ್ತು.

ನಾನು ಅತ್ಯಂತ ಕಳವಳದಿಂದ ಬರೆಯುವ ಮಾತು ಇದರ ಮುಂದಿನದು. ಆ ವಿಮೆ ಇರುವುದು ಬ್ಯಾಂಕುಗಳಿಗೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಇವೆಲ್ಲ ಅದರೊಳಗೆ. ಪಿಕೆಪಿಎಸ್, ಪತ್ತಿನ ಸಹಕಾರ ಸಂಘ, 1997ರ ಕಾಯ್ದೆಯ ಕೆಳಗಿನ ಪತ್ತಿನ ಸೌಹಾರ್ದಗಳು ಅದರ ಹೊರಗೆ. ಅಲ್ಲಿಟ್ಟ ಹಣಕ್ಕೆ 5 ಲಕ್ಷವಲ್ಲ, ಐದು ರೂಪಾಯಿಯ ವಿಮೆಯೂ ಇಲ್ಲ. ಬಾಸೆಲ್‌ನ ಬಂಡವಾಳದ ನಿಯಮವೂ ಅವುಗಳ ಹೊಸ್ತಿಲು ದಾಟುವುದಿಲ್ಲ. ಹೆಸರಿನಲ್ಲಿ ‘ಬ್ಯಾಂಕ್’ ಎಂದು ಹಾಕಿಕೊಂಡ, ಸದಸ್ಯರಲ್ಲದವರಿಂದ ಠೇವಣಿ ಪಡೆಯುವ ಸಂಘಗಳ ಬಗ್ಗೆ ಎಚ್ಚರ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಪ್ರಕಟಣೆ ಕೊಟ್ಟಿತು. ಅದು ತೆಲಸಂಗದ ಎಷ್ಟು ಮನೆಗೆ ಮುಟ್ಟಿತು? ಗಾಜಿನ ಕೌಂಟರು, ಪಾಸ್‌ಬುಕ್ಕು, ಪಿಗ್ಮಿ ಯಂತ್ರ ಹಿಡಿದ ಹುಡುಗ ಎಲ್ಲ ಬ್ಯಾಂಕಿನಂತೆಯೇ ಕಾಣುವಾಗ, ನೂರಕ್ಕೆ ಒಂದೆರಡು ರೂಪಾಯಿ ಹೆಚ್ಚು ಬಡ್ಡಿ ಏಕೆ ಕೊಡುತ್ತಾರೆ ಎಂದು ಕೇಳಲು ಯಾರಿಗೆ ಹೊಳೆಯುತ್ತದೆ? ಆ ಒಂದೆರಡು ರೂಪಾಯಿ ಇಲ್ಲದ ವಿಮೆಯ ಬೆಲೆ. ಬೆಳಗಾವಿಯ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಅರ್ಬನ್ ಕ್ರೆಡಿಟ್ ಸೊಸೈಟಿಯ ಠೇವಣಿದಾರರು 2017ರಲ್ಲಿ ತಮ್ಮ ಹಣಕ್ಕಾಗಿ ಬೀದಿಗಿಳಿದಾಗ ಅವರ ಬೆನ್ನಿಗೆ ವಿಮಾ ನಿಗಮ ಇರಲಿಲ್ಲ.

ಸೌಹಾರ್ದಗಳು ಬೇಡ ಎಂದು ನಾನು ಹೇಳುತ್ತಿಲ್ಲ. ಬ್ಯಾಂಕು ಬಾಗಿಲಲ್ಲೇ ನಿಲ್ಲಿಸುವ ಎಷ್ಟೋ ಜನರಿಗೆ ಅವೇ ಆಸರೆ. ವಿಮೆ ಇಲ್ಲ ಎಂಬ ಒಂದು ಸಾಲನ್ನು ಕೌಂಟರಿನ ಮೇಲೆ, ಠೇವಣಿ ರಸೀದಿಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಅಚ್ಚುಹಾಕಲಿ. ಅಥಣಿ, ಕಾಗವಾಡ, ನಿಪ್ಪಾಣಿ ಕಡೆ ಮರಾಠಿಯಲ್ಲೂ ಹಾಕಲಿ. ಠೇವಣಿ ಇಡುವವರೂ ಒಂದು ಮಾತು ನೆನಪಿಡಬೇಕು: ಬ್ಯಾಂಕಿನಲ್ಲಿ ಕೂಡ 5 ಲಕ್ಷವೆಂದರೆ ಅಸಲು, ಬಡ್ಡಿ ಸೇರಿ, ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿಟ್ಟರೂ ಒಟ್ಟು ಲೆಕ್ಕ ಅಷ್ಟೇ.

ಸಾಲಮನ್ನಾ ಇದೆಯಲ್ಲ ಎನ್ನುವವರಿದ್ದಾರೆ. 2017ರ ಜೂನ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರಿ ಬೆಳೆಸಾಲದಲ್ಲಿ ತಲಾ 50 ಸಾವಿರದವರೆಗೆ, ಒಟ್ಟು 8,165 ಕೋಟಿ ಮನ್ನಾ ಮಾಡಿತು. 2018ರಲ್ಲಿ ಕುಮಾರಸ್ವಾಮಿ ಸರ್ಕಾರದ್ದು ಇನ್ನೂ ದೊಡ್ಡದು. ಕಷ್ಟದಲ್ಲಿದ್ದ ರೈತನಿಗೆ ಅದು ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಆದರೆ ಅದು ಮೋಡ ನೋಡಿ ಬರಲಿಲ್ಲ, ರಾಜಕೀಯದ ಕಾಲ ನೋಡಿ ಬಂತು. ಸೌಹಾರ್ದದ ಸಾಲಕ್ಕೆ, ಗುಂಪಿನ ಸಾಲಕ್ಕೆ ಬರಲೇ ಇಲ್ಲ. ಯಾವಾಗ, ಎಷ್ಟು, ಯಾರಿಗೆ ಎಂದು ಗೊತ್ತಿಲ್ಲದ ಹಣವನ್ನು ಯಾವ ಸಂಸ್ಥೆಯೂ ತನ್ನ ಆಪದ್ಧನ ಎಂದು ಬರೆದುಕೊಳ್ಳಲಾಗದು.

ಆಪದ್ಧನ ಒಳಗಿನಿಂದಲೇ ಹುಟ್ಟಬೇಕು. ಹಿಂದಿನ ಲೆಕ್ಕದ ಸೊಸೈಟಿಗೆ ಕೊರತೆ ಬಿದ್ದದ್ದು 14 ಲಕ್ಷ. ಅದನ್ನು ಒಂಬತ್ತು ಒಳ್ಳೆಯ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು 1 ಲಕ್ಷ 56 ಸಾವಿರ. 2 ಕೋಟಿ ಸಾಲದ ಮೇಲೆ ಅದು ನೂರು ರೂಪಾಯಿಗೆ 78 ಪೈಸೆ. ಕೆಟ್ಟ ವರ್ಷ ಮೊದಲೇ ಬಂದುಬಿಟ್ಟರೆ ಈ ಗಂಟು ಸಾಲದು. ಆಗ ಜಿಲ್ಲಾ ಬ್ಯಾಂಕಿನ ನೆರವು ಮೊದಲೇ ಮಾತಾಡಿ ಇಟ್ಟುಕೊಂಡಿರಬೇಕು. ಜೊತೆಗೆ ವರ್ಷಕ್ಕೊಮ್ಮೆ ಒಂದು ಹಾಳೆಯ ಲೆಕ್ಕ ಬರೆಯಬೇಕು: ನಮ್ಮ ಸಾಲದಲ್ಲಿ ದ್ರಾಕ್ಷಿಯ ಪಾಲೆಷ್ಟು, ಕಬ್ಬಿನದೆಷ್ಟು, ವ್ಯಾಪಾರದ್ದೆಷ್ಟು? ದ್ರಾಕ್ಷಿಯ ದರ ಅರ್ಧಕ್ಕೆ ಇಳಿದರೆ ಎಷ್ಟು ಜನ ಕಟ್ಟಬಲ್ಲರು? ನವೀಕರಣವಾದ ಸಾಲದಲ್ಲಿ ಎಷ್ಟು ಹಣ ಕಟ್ಟಿದ ವಾರದೊಳಗೇ ಮತ್ತೆ ಹೊರಗೆ ಹೋಯಿತು? ಕೊನೆಯ ಪ್ರಶ್ನೆಗೆ ಉತ್ತರ ಖಾತೆಪುಸ್ತಕದಲ್ಲೇ ಇದೆ. 2022ರಲ್ಲಿ ಕೇಂದ್ರ ಸರ್ಕಾರ 63 ಸಾವಿರ ಪ್ರಾಥಮಿಕ ಸಂಘಗಳನ್ನು ಗಣಕೀಕರಿಸಲು 2,516 ಕೋಟಿಯ ಯೋಜನೆ ಒಪ್ಪಿತು. ಕಂಪ್ಯೂಟರ್ ಬಂದ ಸಂಘಗಳಲ್ಲಿ ಈ ಅಂಕಿ ತೆಗೆಯಲು ಒಂದು ಮಧ್ಯಾಹ್ನ ಸಾಕು.

ಸೆಪ್ಟೆಂಬರಿನಲ್ಲಿ ಸಂಘಗಳ ವಾರ್ಷಿಕ ಸಭೆ ನಡೆಯುತ್ತದೆ. ವರದಿ ಓದುತ್ತಾರೆ, ಲಾಭ ಇಷ್ಟು ಎನ್ನುತ್ತಾರೆ, ಲಾಭಾಂಶ ಘೋಷಿಸಿದಾಗ ಚಪ್ಪಾಳೆ ಬೀಳುತ್ತದೆ. ಆ 78 ಪೈಸೆಯನ್ನು ತೆಗೆದಿಡುವುದೋ ಹಂಚಿಬಿಡುವುದೋ ಎಂಬುದು ತೀರ್ಮಾನವಾಗುವುದು ಆ ಸಭೆಯಲ್ಲಿ, ಆ ಗಳಿಗೆಯಲ್ಲಿ. ಷೇರು ಹೊಂದಿದ ಪ್ರತಿಯೊಬ್ಬ ಸದಸ್ಯನಿಗೂ ಅಲ್ಲಿ ಎದ್ದುನಿಂತು ಕೇಳುವ ಹಕ್ಕಿದೆ. ಲಾಭಾಂಶವನ್ನು ಒಂದು ಪಾಲು ಇಳಿಸಿ ಆಪದ್ಧನಕ್ಕೆ ಹಾಕಿ ಎಂದು ಠರಾವು ಮಂಡಿಸಲು ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ದರೆ ಆಯಿತು.